ನವ್ಯಕಾವ್ಯದ ಬೇರುಗಳು

1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿಯತೊಡಗಿತು. ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಬಂದ ಅದಿರು, ಮಲೆನಾಡಿನ ಕಾಡಿನ ಮರದಿಂದಾದ ಇದ್ದಿಲಿನ ಬೆಂಕಿಯಲ್ಲಿ ಕರಗಿ ಕಬ್ಬಿಣವಾಗಿ ಹರಿಯಿತು. ಅದರ ಹಿಂದಿನ ವರ್ಷವಷ್ಟೇ ಲಂಡನ್ನಿನಲ್ಲಿ ಟಿ. ಎಸ್. ಎಲಿಯಟ್ ಎಂಬ ಕವಿಯ ‘ದಿ ವೇಸ್ಟ್ ಲ್ಯಾಂಡ್’ ಎಂಬ ನೀಳ್ಗವಿತೆ ಪ್ರಕಟವಾಗಿದ್ದಿತು. ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವೇನೂ ಇಲ್ಲ. ಆದರೆ ಮುಂದಿನ ಮೂರು ನಾಲ್ಕು ದಶಕಗಳಲ್ಲಿ ಆ ಕವಿತೆಯ ಹಿಂದಿದ್ದ ವಿಚಾರಗಳು ಕನ್ನಡವನ್ನು ತಲುಪಿ ನವ್ಯಕಾವ್ಯಕ್ಕೆ ಪ್ರೇರಣೆಯಾದವು. ‘ಇದು ಎರವಲು ತಂದ ಕಾವ್ಯ, ನಮ್ಮ ನೆಲದಲ್ಲಿ ಬೆಳೆದುದಲ್ಲ’ ಎಂಬ ಆಕ್ಷೇಪಣೆಯೂ ಅದರೊಡನೆಯೇ ಹುಟ್ಟಿತು. ಆಕ್ಷೇಪಣೆಯಲ್ಲಿ ಎಷ್ಟು ಹುರುಳಿದೆಯೆಂದು ತಿಳಿಯಬೇಕಾದರೆ ಬೇರುಗಳನ್ನೇ ಅಗೆದು ನೋಡಬೇಕು.

1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ ಯೂರೋಪಿನ ಲಕ್ಷಾಂತರ ತರುಣರು ಮಡಿದರು. ವಿಜ್ಞಾನವೂ ನಾಗರಿಕತೆಯೂ ಮನುಷ್ಯನನ್ನು ದಿನದಿನಕ್ಕೆ ಮೇಲಕ್ಕೊಯ್ಯುತ್ತವೆಯೆಂಬ ನಂಬಿಕೆ ಕುಸಿಯಿತು. ಹೂವು, ಹಕ್ಕಿ, ಬೆಳುದಿಂಗಳನ್ನು ಹಾಡುತ್ತಿದ್ದ ಹಳೆಯ ಕಾವ್ಯಭಾಷೆ ಈ ಅನುಭವವನ್ನು ಹೊರಲಾರದೆ ಹೋಯಿತು. ಇದಕ್ಕೆ ಮೊದಲೇ ವಿಚಾರವಂತರು ಬೇರೆ ದಾರಿಗಳನ್ನು ತೆರೆದಿದ್ದರು. ಫ್ರಾಯ್ಡ್ ಎಂಬ ಮನೋವಿಜ್ಞಾನಿ ಎಚ್ಚರದ ಮನಸ್ಸಿನ ಕೆಳಗೆ ಮತ್ತೊಂದು ಕತ್ತಲ ಮನಸ್ಸು ಇದೆಯೆಂದನು. ಫ್ರೇಜರ್ ಎಂಬ ವಿದ್ವಾಂಸನು 1890ರಿಂದ ಪ್ರಕಟವಾದ ‘ದಿ ಗೋಲ್ಡನ್ ಬೋ’ ಗ್ರಂಥದಲ್ಲಿ ನಾನಾ ಜನಾಂಗಗಳ ಆಚರಣೆಗಳನ್ನು ಹೋಲಿಸಿ, ದೇವತೆ ಸತ್ತರೆ ನೆಲ ಬರಡಾಗುತ್ತದೆ, ಮತ್ತೆ ಹುಟ್ಟಿದರೆ ಬೆಳೆ ಬರುತ್ತದೆ ಎಂಬ ನಂಬಿಕೆ ಎಷ್ಟೊಂದು ಕಡೆ ಇದೆಯೆಂಬುದನ್ನು ತೋರಿಸಿದನು. ಎಲಿಯಟ್ ಈ ಬರಡು ನೆಲವನ್ನೇ ತನ್ನ ಕಾಲದ ಮನಸ್ಸಿಗೆ ಪ್ರತಿಮೆಯಾಗಿ ಮಾಡಿಕೊಂಡನು.

ಇಲ್ಲೊಂದು ಸ್ವಾರಸ್ಯವಿದೆ. ಎಲಿಯಟ್ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಂಸ್ಕೃತವನ್ನು ಕಲಿತಿದ್ದನು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಒಂದು ಕಥೆ ಬರುತ್ತದೆ. ದೇವತೆಗಳು, ಮನುಷ್ಯರು, ಅಸುರರು ಮೂವರೂ ಪ್ರಜಾಪತಿಯಲ್ಲಿ ಉಪದೇಶ ಬೇಡಿದಾಗ ಅವನು ‘ದ’ ಎಂಬ ಒಂದೇ ಅಕ್ಷರವನ್ನು ನುಡಿದನು. ದೇವತೆಗಳು ಅದನ್ನು ಇಂದ್ರಿಯ ನಿಗ್ರಹವೆಂದೂ, ಮನುಷ್ಯರು ದಾನವೆಂದೂ, ಅಸುರರು ದಯೆಯೆಂದೂ ತಿಳಿದರು. ಇಂದಿಗೂ ಗುಡುಗು ಆ ಅಕ್ಷರವನ್ನೇ ನುಡಿಯುತ್ತದೆಯೆಂದು ಉಪನಿಷತ್ತು ಹೇಳುತ್ತದೆ. ಮಳೆಗೆ ಕಾದ ತನ್ನ ಬರಡು ನೆಲದ ಮೇಲೆ ಎಲಿಯಟ್ ಕೊನೆಯಲ್ಲಿ ಮೊಳಗಿಸಿದುದು ಈ ಗುಡುಗನ್ನೇ. ನಾವು ಇಂಗ್ಲಿಷರಿಂದ ತಂದೆವೆನ್ನುವ ಸರಕಿನ ಒಂದು ಪಾಲು ನಮ್ಮ ಕಣಜದಿಂದಲೇ ಹೋಗಿದ್ದಿತು!

ಕನ್ನಡದಲ್ಲಿ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಹೊರಬಂದು ನವೋದಯಕ್ಕೆ ದಾರಿ ಮಾಡಿತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಆ ಮಾರ್ಗದ ಶಿಖರ. ಸ್ವಾತಂತ್ರ್ಯ ಬಂದ ಮೇಲೆ, ಕಂಡ ಕನಸಿಗೂ ಕಣ್ಣೆದುರಿನ ಬಾಳಿಗೂ ನಡುವಣ ಅಂತರ ತರುಣ ಕವಿಗಳನ್ನು ಕಾಡತೊಡಗಿತು. ಆಗ ಗೋಪಾಲಕೃಷ್ಣ ಅಡಿಗರು ‘ಚಂಡೆಮದ್ದಳೆ’ (1954) ಮತ್ತು ‘ಭೂಮಿಗೀತ’ (1959) ಸಂಕಲನಗಳಿಂದ ಹೊಸ ಧ್ವನಿಯನ್ನು ತಂದರು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರು 1964ರಿಂದ ಕೆಲವು ವರ್ಷ ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಕಾಲೇಜಿನ ಪ್ರಾಂಶುಪಾಲರಾಗಿದ್ದರು.

ಅಡಿಗರ ‘ಭೂತ’ ಎಂಬ ಕವಿತೆಯನ್ನು ಭದ್ರಾವತಿಯ ಮಕ್ಕಳು ಇತರರಿಗಿಂತ ಬೇಗ ಅರಿತಾರು. ನಮ್ಮನ್ನು ಕಾಡುವ ಪೂರ್ವಕಾಲವನ್ನು ಅಲ್ಲಿ ನೆಲದಡಿಯ ಅದಿರಿಗೆ ಹೋಲಿಸಲಾಗಿದೆ. ಅಗೆದರೆ ಮೊದಲು ಸಿಕ್ಕುವುದು ಮಣ್ಣು, ಕಲ್ಲು. ಆಳಕ್ಕಿಳಿದರೆ ಚಿನ್ನದ ಅದಿರು. ಅದನ್ನು ಕರಗಿಸಿ ಎರಕ ಹೊಯ್ಯುವ ಕಸುಬನ್ನು ಕಲಿಯದಿದ್ದರೆ ಅದಿರು ಅದಿರಾಗಿಯೇ ಉಳಿಯುತ್ತದೆ. ಪರಂಪರೆ ತಾನಾಗಿ ಕೈಗೆ ಬರುವ ಆಸ್ತಿಯಲ್ಲ, ದುಡಿದು ಪಡೆಯಬೇಕಾದುದು ಎಂದು ಎಲಿಯಟ್ 1919ರ ಪ್ರಬಂಧವೊಂದರಲ್ಲಿ ವಾದಿಸಿದ್ದನು. ವಿಚಾರ ಅದಕ್ಕೆ ಹತ್ತಿರದ್ದೇ. ಆದರೆ ಭೂತ, ಪಿತೃಗಳು, ಇಷ್ಟದೇವತೆಯ ವಿಗ್ರಹ ಇವೆಲ್ಲ ಕರಾವಳಿಯ ಮೊಗೇರಿಯಲ್ಲಿ ಹುಟ್ಟಿ ಬೆಳೆದ ಕವಿಯವು. ಹೊರಗಿನಿಂದ ಬಂದುದು ಕುಲುಮೆ, ಅದಿರು ಇಲ್ಲಿಯದು. ನವ್ಯದ ಹೆಸರಿನಲ್ಲಿ ಬೇಸರ, ಹೇಸಿಗೆಗಳನ್ನಷ್ಟೇ ಅನುಕರಿಸಿದವರೂ ಇದ್ದರು. ಅವರ ಬರವಣಿಗೆಯನ್ನು ಇಂದು ಓದುವವರು ವಿರಳ.

ನಾಟಕದಲ್ಲಿಯೂ ಹೀಗೆಯೇ ನಡೆಯಿತು. ಎಲಿಯಟ್ 1935ರ ‘ಮರ್ಡರ್ ಇನ್ ದಿ ಕೆಥೀಡ್ರಲ್’ ನಾಟಕಕ್ಕೆ 1170ರಲ್ಲಿ ಕೊಲೆಯಾದ ಧರ್ಮಗುರು ಬೆಕೆಟ್‌ನ ಕಥೆಯನ್ನು ಆರಿಸಿಕೊಂಡನು. ರಾಜಸತ್ತೆಗೂ ಅಂತಃಸಾಕ್ಷಿಗೂ ನಡೆಯುವ ಹೋರಾಟ ಅದರ ವಸ್ತು. ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯಲ್ಲಿ ಹುಟ್ಟಿ, ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸಿದ ಪಿ. ಲಂಕೇಶರು ಸೋಫೋಕ್ಲಿಸನ ಗ್ರೀಕ್ ನಾಟಕಗಳನ್ನು ಕನ್ನಡಕ್ಕೆ ತಂದರು. ಆದರೆ ಅಧಿಕಾರ ಮತ್ತು ನಂಬಿಕೆಗಳ ಘರ್ಷಣೆಯನ್ನು ಸ್ವಂತವಾಗಿ ಬರೆಯಹೊರಟಾಗ ಅವರು ಗ್ರೀಸಿಗೂ ಹೋಗಲಿಲ್ಲ, ಇಂಗ್ಲೆಂಡಿಗೂ ಹೋಗಲಿಲ್ಲ. ‘ಸಂಕ್ರಾಂತಿ’ ನಾಟಕದಲ್ಲಿ ಅವರು ಹೋದುದು ಅದೇ ಹನ್ನೆರಡನೆಯ ಶತಮಾನಕ್ಕೆ, ಬಿಜ್ಜಳನೂ ಬಸವಣ್ಣನೂ ಎದುರುಬದುರಾಗಿ ನಿಂತ ಕಲ್ಯಾಣಕ್ಕೆ.