ಕಟ್ಟುವ ಮೊದಲೇ ಕಟ್ಟಡದ ಬಿಸಿ ಅಳೆಯುವ ತಂತ್ರಾಂಶಗಳು

ಹಾಸ್ಟೆಲ್, ಶಾಲೆಗಳ ನಿರ್ಮಾಣಕ್ಕೆ ನೆರವಾಗುವ ದಾನಿಗಳೂ, ಸಿವಿಲ್ ಅಥವಾ ಆರ್ಕಿಟೆಕ್ಚರ್ ಓದುತ್ತಿರುವ ಮಕ್ಕಳ ಪೋಷಕರೂ ತಿಳಿದಿರಬೇಕಾದ ವಿಷಯವೊಂದಿದೆ. ಕಟ್ಟಡವೊಂದು ಬೇಸಿಗೆಯಲ್ಲಿ ಎಷ್ಟು ಕಾಯುತ್ತದೆ, ಎಷ್ಟು ವಿದ್ಯುತ್ ಬೇಡುತ್ತದೆ ಎಂಬುದನ್ನು ಬುನಾದಿ ತೋಡುವ ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬಹುದು.

ಇಂತಹ ತಂತ್ರಾಂಶಗಳಲ್ಲಿ ಮುಖ್ಯವಾದದ್ದು ಅಮೆರಿಕದ ಇಂಧನ ಇಲಾಖೆ 2001ರಲ್ಲಿ ಹೊರತಂದ ಎನರ್ಜಿಪ್ಲಸ್. ಇದು ಸಂಪೂರ್ಣ ಉಚಿತ. ಒಂದು ಊರಿನ ವರ್ಷದ 8,760 ಗಂಟೆಗಳ ಉಷ್ಣಾಂಶ, ತೇವಾಂಶ, ಬಿಸಿಲು, ಗಾಳಿಯ ವಿವರಗಳನ್ನು ಅದಕ್ಕೆ ಕೊಡಬೇಕು. ಗೋಡೆ, ಛಾವಣಿ, ಕಿಟಕಿಗಳ ವಿವರ ಸೇರಿಸಿದರೆ ಪ್ರತಿ ಗಂಟೆಗೆ ಕೋಣೆಯ ಬಿಸಿ ಎಷ್ಟೆಂದು ಹೇಳುತ್ತದೆ.

ಉದಾಹರಣೆಗೆ, ಕಲಬುರಗಿಯಲ್ಲಿ ಹಾಸ್ಟೆಲ್ ಕಟ್ಟುವುದಿದೆ ಎನ್ನಿ. ನಿವೇಶನದ ಆಕಾರ ನೋಡಿ ಕೋಣೆಗಳ ಕಿಟಕಿಗಳನ್ನು ಪಶ್ಚಿಮಕ್ಕೆ ಇಡುವುದು ಸುಲಭವೆನಿಸಬಹುದು. ಆದರೆ ಇಳಿಹೊತ್ತಿನ ಸೂರ್ಯ ಕೆಳಗಿರುವುದರಿಂದ ಸಜ್ಜದ ಅಡಿಯಿಂದಲೇ ಬಿಸಿಲು ನುಗ್ಗುತ್ತದೆ. ಮಕ್ಕಳು ಓದಲು ಕೂರುವ ಹೊತ್ತಿಗೆ ಗೋಡೆ ಕಾದಿರುತ್ತದೆ. ಅದೇ ಕಿಟಕಿಗಳನ್ನು ಉತ್ತರ–ದಕ್ಷಿಣಕ್ಕೆ ತಿರುಗಿಸಿ, ಛಾವಣಿಗೆ ಬಿಳಿ ಬಣ್ಣ ಬಳಿದರೆ ಏನಾಗುತ್ತದೆ? ಎರಡೂ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಕಾಗದದ ಮೇಲೆ ಗೆರೆ ಬದಲಿಸಲು ಖರ್ಚಿಲ್ಲ. ಕಟ್ಟಿದ ಮೇಲೆ ಗೋಡೆ ಒಡೆಯಲು ದಾನಿಗಳ ಹಣವೇ ಬೇಕು.

ನಮ್ಮ ದೇಶದ ಗೃಹ ಕಟ್ಟಡಗಳಿಗೆ 2018ರಲ್ಲಿ ‘ಇಕೋ ನಿವಾಸ್ ಸಂಹಿತೆ’ ಬಂತು. ಚಳಿ ಪ್ರದೇಶ ಬಿಟ್ಟು ಉಳಿದೆಡೆ, ಹೊರಗೋಡೆ–ಕಿಟಕಿಗಳ ಮೂಲಕ ಒಳಬರುವ ಬಿಸಿ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು ಎಂದಿತು ಅದು. ವಿಶ್ವಬ್ಯಾಂಕ್ ಸಮೂಹದ ಐಎಫ್‌ಸಿ ರೂಪಿಸಿದ ‘ಎಡ್ಜ್’ ಇನ್ನೂ ಸರಳ. ಇಂಧನ, ನೀರು, ಕಟ್ಟಡ ಸಾಮಗ್ರಿ ಮೂರರಲ್ಲೂ ಕನಿಷ್ಠ ಶೇ. 20 ಉಳಿತಾಯ ಅದರ ಮಾನದಂಡ. ಲೆಕ್ಕಕ್ಕೆ ಶುಲ್ಕವಿಲ್ಲ, ಪ್ರಮಾಣಪತ್ರಕ್ಕೆ ಮಾತ್ರ ಇದೆ.

ಆದರೆ ಯಂತ್ರ ತಾನಾಗಿ ಜಾಣನಲ್ಲ. ಇಬ್ಬರಿರಬೇಕಾದ ಕೋಣೆಯಲ್ಲಿ ನಾಲ್ವರು ಮಲಗುತ್ತಾರೆಂದು ಹೇಳದಿದ್ದರೆ ಅದರ ಉತ್ತರವೂ ಸುಳ್ಳಾಗುತ್ತದೆ. ಅದಕ್ಕೇ ಈ ವಿದ್ಯೆ ಕಲಿತವರು ಬೇಕು. ತಂತ್ರಾಂಶ ಉಚಿತವಾದರೂ ಅದು ಓಡುವ ಲ್ಯಾಪ್‌ಟಾಪ್, ಕಲಿಯಲು ಬೇಕಾದ ತಿಂಗಳುಗಳು ಉಚಿತವಲ್ಲ. ಡಿಪ್ಲೊಮಾ ಓದುವ ಮಕ್ಕಳು ರಜೆಯಲ್ಲಿ ತಮ್ಮ ಮನೆಯನ್ನೇ ಅಳೆದು, ಎಡ್ಜ್‌ನಲ್ಲಿ ನಮೂದಿಸುವುದರಿಂದ ಆರಂಭಿಸಬಹುದು. ಕಟ್ಟಡಕ್ಕೆ ದಾನ ನೀಡುವವರು ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನ ಇಂಜಿನಿಯರರಲ್ಲಿ ಈ ಲೆಕ್ಕದ ವರದಿಯನ್ನೂ ಕೇಳಬಹುದು.