ಕೃಷಿ ಪರಂಪರೆ ಕೇಂದ್ರಗಳಲ್ಲಿ ದೇಶಿ ತಳಿ ಜಾನುವಾರುಗಳ ಯೋಗಕ್ಷೇಮ

ಪೀಠಿಕೆ

ಮಂಡ್ಯ ಜಿಲ್ಲೆ, ಮಳವಳ್ಳಿ ತಾಲ್ಲೂಕಿನ ಕಿರುಗಾವಲು ಗ್ರಾಮವು ದೇಶಿ ಕೃಷಿ ಸಂಪತ್ತಿನ ಸಂರಕ್ಷಣೆಗೆ ಹೆಸರಾಗಿದೆ. ಇಲ್ಲಿನ ಕೃಷಿಕರಾದ ಶ್ರೀ ಸೈಯದ್ ಘನಿ ಖಾನ್ ಅವರು ನೂರಾರು ದೇಶಿ ಭತ್ತದ ತಳಿಗಳನ್ನು ಸಂಗ್ರಹಿಸಿ, ಗದ್ದೆಯಲ್ಲಿ ಬೆಳೆದು ಉಳಿಸಿಕೊಂಡು ಬಂದಿದ್ದಾರೆ. ಅವರ ಭತ್ತದ ಸಂಗ್ರಹಾಲಯ ಹಾಗೂ ಹಳೆಯ ಮಾವಿನ ತೋಟ ನಾಡಿನಾದ್ಯಂತ ಪರಿಚಿತ. ಇದೇ ತಾಲ್ಲೂಕಿನ ಬಂಡೂರು ಗ್ರಾಮವು ಬಂಡೂರು ಕುರಿ ತಳಿಗೆ ತನ್ನ ಹೆಸರನ್ನು ನೀಡಿದೆ. ಹಳ್ಳಿಕಾರ್ ಎತ್ತು ಈ ಸೀಮೆಯ ಬೇಸಾಯದ ಬೆನ್ನೆಲುಬಾಗಿದ್ದ ತಳಿ.

ಬೀಜ ಸಂಗ್ರಹದ ಮಾದರಿಯಲ್ಲಿಯೇ ದೇಶಿ ಕುರಿ, ದನಗಳನ್ನು ಸಾಕಿ, ಸಾರ್ವಜನಿಕರ ವೀಕ್ಷಣೆಗೆ ತೆರೆದಿಡಲು ಬಯಸುವ ರೈತರು ಮತ್ತು ಸಂಸ್ಥೆಗಳ ತಿಳಿವಳಿಕೆಗಾಗಿ ಈ ಲೇಖನವನ್ನು ನೀಡಲಾಗಿದೆ.

ಬೀಜಕ್ಕೂ ಪ್ರಾಣಿಗೂ ಇರುವ ವ್ಯತ್ಯಾಸ

ಒಣಗಿಸಿ ಕಟ್ಟಿಟ್ಟ ಬಿತ್ತನೆ ಭತ್ತ ಮುಂದಿನ ಮಳೆಗಾಲದವರೆಗೆ ಕಾಯಬಲ್ಲದು. ಪ್ರಾಣಿಗೆ ಹಸಿವು, ಬಾಯಾರಿಕೆ, ನೋವು, ಭಯಗಳು ಪ್ರತಿದಿನವೂ ಇರುತ್ತವೆ. ಬಂಡೂರು ಕುರಿಯು ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಹಾಕುತ್ತದೆ. ಇಪ್ಪತ್ತು ಕುರಿಗಳ ಒಂದು ಚಿಕ್ಕ ಮಂದೆಯಲ್ಲಿ ಒಳ್ಳೆಯ ಟಗರೊಂದು ಸತ್ತರೆ ಅಥವಾ ನಾಲ್ಕು ಕುರಿಗಳು ಕಂದು ಹಾಕಿದರೆ, ಹಲವು ವರ್ಷಗಳ ಶ್ರಮ ವ್ಯರ್ಥವಾಗುತ್ತದೆ. ಆದುದರಿಂದ ಪ್ರತಿಯೊಂದು ಪ್ರಾಣಿಯ ಯೋಗಕ್ಷೇಮವೇ ತಳಿ ಸಂರಕ್ಷಣೆಯ ಮೊದಲ ಹೆಜ್ಜೆ.

ಕಾನೂನಿನ ಹೊಣೆಗಾರಿಕೆ

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ 3ನೇ ಕಲಮಿನಂತೆ, ಪ್ರಾಣಿಯನ್ನು ತನ್ನ ವಶದಲ್ಲಿ ಇಟ್ಟುಕೊಂಡಿರುವ ಪ್ರತಿಯೊಬ್ಬರೂ ಅದರ ಯೋಗಕ್ಷೇಮಕ್ಕೆ ತಕ್ಕ ಕ್ರಮಗಳನ್ನು ಕೈಗೊಳ್ಳಬೇಕು. ಸಾಕಷ್ಟು ಮೇವು, ನೀರು, ಆಶ್ರಯ ನೀಡದಿರುವುದು ಹಾಗೂ ತೀರ ಗಿಡ್ಡ ಹಗ್ಗ ಅಥವಾ ಭಾರವಾದ ಸರಪಳಿಯಲ್ಲಿ ಬಹುಹೊತ್ತು ಕಟ್ಟಿಹಾಕುವುದು 11ನೇ ಕಲಮಿನ ಮೇರೆಗೆ ಅಪರಾಧ.

ಸಂದರ್ಶಕರಿಗೆ ಎತ್ತಿನಗಾಡಿ ಸವಾರಿ ಏರ್ಪಡಿಸುವವರು 1965ರ ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ನಿಯಮಗಳನ್ನು ಗಮನಿಸತಕ್ಕದ್ದು. ಇವುಗಳ ಪ್ರಕಾರ ಪ್ರಾಣಿಯನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ವಿಶ್ರಾಂತಿ ಇಲ್ಲದೆ ಸತತ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಹೂಡುವಂತಿಲ್ಲ. ಟಿಕೆಟ್ ಪಡೆದು ಪ್ರಾಣಿಗಳನ್ನು ಪ್ರದರ್ಶನಕ್ಕೆ ಬಳಸುವವರು, 2001ರ ನಿಯಮಗಳಂತೆ ನೋಂದಣಿ ಅಗತ್ಯವಿದೆಯೇ ಎಂಬುದನ್ನು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯಿಂದ ಮುಂಚಿತವಾಗಿ ಖಚಿತಪಡಿಸಿಕೊಳ್ಳಬೇಕು.

ಕೊಟ್ಟಿಗೆ ಮತ್ತು ಸ್ಥಳಾವಕಾಶ

ಹಸುವೊಂದಕ್ಕೆ ಸುಮಾರು 3.5 ಚದರ ಮೀಟರ್ ಸೂರಿನಡಿಯ ಜಾಗ ಹಾಗೂ 7 ಚದರ ಮೀಟರ್ ಬಯಲು ಜಾಗ ಬೇಕು. ಹೆಣ್ಣು ಕುರಿಗೆ ಕ್ರಮವಾಗಿ 1 ಮತ್ತು 2 ಚದರ ಮೀಟರ್ ಬೇಕು. ನೆಲ ಒಣಗಿರಬೇಕು, ಜಾರುವಂತಿರಬಾರದು. ಜನರ ಕಣ್ಣಿನಿಂದ ದೂರ ಸರಿದು ಮಲಗಲು ಪ್ರಾಣಿಗಳಿಗೆ ಮರೆಯ ಜಾಗ ಇರತಕ್ಕದ್ದು. ನೋಡಲು ಬಂದವರಿಗೆ ಕಾಣಲೆಂದು ದಿನವಿಡೀ ಮುಂಭಾಗದಲ್ಲಿಯೇ ಕಟ್ಟುವುದು ಸರಿಯಲ್ಲ.

ಮೇವು ಮತ್ತು ನೀರು

ಮಂಡ್ಯ ಜಿಲ್ಲೆಯಲ್ಲಿ ಭತ್ತದ ಹುಲ್ಲು, ಕಬ್ಬಿನ ಸೋಗೆ ಧಾರಾಳವಾಗಿ ದೊರೆಯುತ್ತವೆ. ಆದರೆ ಇವೆರಡರಲ್ಲಿಯೂ ಇರುವ ಆಕ್ಸಲೇಟ್ ಅಂಶದಿಂದಾಗಿ ಮೇವಿನಲ್ಲಿನ ಕ್ಯಾಲ್ಸಿಯಂ ದೇಹಕ್ಕೆ ಪೂರ್ಣವಾಗಿ ಒದಗುವುದಿಲ್ಲ. ಕೇವಲ ಇವುಗಳನ್ನೇ ನಂಬದೆ ಅಲಸಂದೆ, ಕುದುರೆ ಮೆಂತ್ಯ, ಅಗಸೆ ಸೊಪ್ಪಿನಂತಹ ದ್ವಿದಳ ಮೇವು ಮತ್ತು ಖನಿಜ ಮಿಶ್ರಣವನ್ನು ಜೊತೆಗೆ ಕೊಡಬೇಕು. ಶುದ್ಧವಾದ ನೀರು ಸದಾಕಾಲ ಲಭ್ಯವಿರಬೇಕು.

ನಾಲೆಯ ನೀರು ಹರಿಯುವ ಗದ್ದೆ ಬದುಗಳಲ್ಲಿ ಕುರಿ ಮೇಯಿಸುವಾಗ ವಿಶೇಷ ಎಚ್ಚರಿಕೆ ಅಗತ್ಯ. ಅಲ್ಲಿನ ಬಸವನಹುಳುಗಳ ಮೂಲಕ ಹರಡುವ ಚಪ್ಪಟೆ ಹುಳುಗಳು ಕುರಿಯ ಯಕೃತ್ತನ್ನು ಹಾಳುಮಾಡುತ್ತವೆ. ಸದಾ ಒದ್ದೆಯಾದ ನೆಲದಿಂದ ಗೊರಸು ಕೊಳೆಯುತ್ತದೆ. ಇಬ್ಬನಿ ಆರಿದ ಬಳಿಕ ಮೇಯಲು ಬಿಡುವುದು, ಪಶುವೈದ್ಯರ ಸಲಹೆಯಂತೆ ಸಗಣಿ, ಹಿಕ್ಕೆ ಪರೀಕ್ಷಿಸಿ ಜಂತುನಾಶಕ ಕೊಡುವುದು ಉತ್ತಮ.

ಸಂದರ್ಶಕರ ನಿಯಂತ್ರಣ

ಪ್ರೀತಿಯಿಂದ ತಿನ್ನಿಸುವ ಅನ್ನ, ಬೆಲ್ಲ, ರಾಗಿ ಹಿಟ್ಟು ಮಿತಿಮೀರಿದಲ್ಲಿ ದನ, ಕುರಿಗಳ ಹೊಟ್ಟೆಯಲ್ಲಿ ಆಮ್ಲ ಹೆಚ್ಚಾಗಿ ಪ್ರಾಣಾಪಾಯ ಸಂಭವಿಸುತ್ತದೆ. ಪ್ಲಾಸ್ಟಿಕ್ ಚೀಲ ನುಂಗಿದ ದನ ದಿನೇ ದಿನೇ ಕೃಶವಾಗುತ್ತದೆ. ಆದ್ದರಿಂದ,

1. ಹೊರಗಿನ ಆಹಾರ ತಿನ್ನಿಸುವುದನ್ನು ನಿಷೇಧಿಸಿ, ಫಲಕ ಹಾಕತಕ್ಕದ್ದು. ತಿನ್ನಿಸಲೇಬೇಕೆನ್ನುವವರಿಗೆ ಕೇಂದ್ರದವರೇ ಹಸಿರು ಮೇವಿನ ಸಣ್ಣ ಕಂತೆಗಳನ್ನು ಒದಗಿಸಬಹುದು.
2. ಎಳೆಯ ಮರಿ, ಕರುಗಳನ್ನು ಎತ್ತಿಕೊಂಡು ಛಾಯಾಚಿತ್ರ ತೆಗೆಸಿಕೊಳ್ಳಲು ಬಿಡಬಾರದು.
3. ಗಬ್ಬದ, ಈದ ಹಾಗೂ ಕಾಯಿಲೆಯ ಪ್ರಾಣಿಗಳನ್ನು ವೀಕ್ಷಣೆಯಿಂದ ಹೊರಗಿಡತಕ್ಕದ್ದು.
4. ಪ್ರತಿದಿನ ಕೆಲವು ಗಂಟೆ, ವಾರದಲ್ಲಿ ಒಂದು ದಿನ ಪ್ರವೇಶ ನಿಲ್ಲಿಸಿ ಪ್ರಾಣಿಗಳಿಗೆ ಬಿಡುವು ಕೊಡಬೇಕು.
5. ಪ್ರಾಣಿಗಳನ್ನು ಮುಟ್ಟಿದವರು ಸೋಪಿನಿಂದ ಕೈ ತೊಳೆಯಲು ವ್ಯವಸ್ಥೆ ಇರತಕ್ಕದ್ದು.

ರೋಗ ತಡೆ ಮತ್ತು ತಳಿ ದಾಖಲೆ

ದನಗಳಿಗೆ ಕಾಲುಬಾಯಿ ರೋಗ, ಗಳಲೆ ರೋಗ, ಚಪ್ಪೆ ರೋಗ ಮತ್ತು ಚರ್ಮಗಂಟು ರೋಗದ ಲಸಿಕೆಗಳನ್ನು, ಕುರಿಗಳಿಗೆ ಕರುಳು ಬೇನೆ ಹಾಗೂ ಪಿ.ಪಿ.ಆರ್. ಲಸಿಕೆಗಳನ್ನು ಪಶುವೈದ್ಯರು ತಿಳಿಸುವ ವೇಳೆಗೆ ಹಾಕಿಸಬೇಕು. ಹೊಸದಾಗಿ ತಂದ ಪ್ರಾಣಿಯನ್ನು ಕನಿಷ್ಠ ಮೂರು ವಾರ ಪ್ರತ್ಯೇಕವಾಗಿರಿಸತಕ್ಕದ್ದು. ಹಠಾತ್ತನೆ ಸತ್ತ ಪ್ರಾಣಿಯ ಮೂಗು, ಗುದದ್ವಾರಗಳಲ್ಲಿ ರಕ್ತ ಕಂಡುಬಂದರೆ ಅದು ನೆರಡಿ ರೋಗವಾಗಿರಬಹುದು. ಅಂತಹ ಕಳೇಬರವನ್ನು ಕುಯ್ಯದೆ, ಚರ್ಮ ಸುಲಿಯದೆ ಕೂಡಲೇ ಪಶುವೈದ್ಯರಿಗೆ ತಿಳಿಸುವುದು.

ಒಂದೇ ಟಗರನ್ನು ಅದರದೇ ಹೆಣ್ಣು ಮರಿಗಳ ಮೇಲೆ ಬಿಟ್ಟರೆ ಒಳಸಂಬಂಧದಿಂದ ಮಂದೆ ದುರ್ಬಲವಾಗುತ್ತದೆ. ಎರಡು ವರ್ಷಕ್ಕೊಮ್ಮೆ ಟಗರನ್ನು ಬದಲಾಯಿಸುವುದು, ಪ್ರತಿ ಪ್ರಾಣಿಗೆ ಕಿವಿಯೋಲೆ ಹಾಕಿಸಿ ತಂದೆ, ತಾಯಿ, ಹುಟ್ಟಿದ ದಿನ, ಲಸಿಕೆ, ಚಿಕಿತ್ಸೆಗಳನ್ನು ಪುಸ್ತಕದಲ್ಲಿ ಬರೆದಿಡುವುದು ಅವಶ್ಯಕ. ಬಂಡೂರು ತಳಿಯ ಬಗ್ಗೆ ಮಾರ್ಗದರ್ಶನಕ್ಕಾಗಿ ಮಳವಳ್ಳಿ ತಾಲ್ಲೂಕಿನ ಧನಗೂರಿನ ಕುರಿ ಸಂವರ್ಧನಾ ಕೇಂದ್ರದಲ್ಲಿ ವಿಚಾರಿಸಬಹುದು.

ವಯಸ್ಸಾದ ಪ್ರಾಣಿಗಳು

ಕೇಂದ್ರ ಆರಂಭಿಸುವ ಮುನ್ನವೇ ತೀರ್ಮಾನಿಸಬೇಕಾದ ವಿಷಯವೊಂದಿದೆ. ನೊಗ ಹೊರಲಾರದ ಎತ್ತು, ಈಯದ ಹಸುವನ್ನು ಕೊನೆಯವರೆಗೆ ಸಾಕುವ ಮೇವು, ಜಾಗ, ಹಣ ತಮ್ಮಲ್ಲಿದೆಯೇ ಎಂದು ಲೆಕ್ಕ ಹಾಕಿಕೊಳ್ಳಬೇಕು. ಇಲ್ಲವಾದಲ್ಲಿ ಪ್ರಾಣಿಗಳ ಸಂಖ್ಯೆಯನ್ನು ಕಡಿಮೆ ಇಟ್ಟುಕೊಳ್ಳುವುದೇ ಸೂಕ್ತ. ಚೆನ್ನಾಗಿ ನೋಡಿಕೊಂಡ ಎರಡು ಹಳ್ಳಿಕಾರ್ ಎತ್ತುಗಳು ಬಡಕಲಾದ ಹತ್ತಕ್ಕಿಂತ ತಳಿಯ ಘನತೆಯನ್ನು ಜನರಿಗೆ ಉತ್ತಮವಾಗಿ ತಿಳಿಸುತ್ತವೆ.

ಸೇವೆ ಪಡೆಯುವ ವಿಧಾನ

ಲಸಿಕೆ, ಚಿಕಿತ್ಸೆ, ಕಿವಿಯೋಲೆ ಹಾಗೂ ಆರೋಗ್ಯ ಪ್ರಮಾಣಪತ್ರಕ್ಕಾಗಿ ಹತ್ತಿರದ ಪಶು ಆಸ್ಪತ್ರೆ ಅಥವಾ ಪಶು ಚಿಕಿತ್ಸಾಲಯವನ್ನು ಸಂಪರ್ಕಿಸತಕ್ಕದ್ದು. ಪ್ರಾಣಿಗಳ ಸಂಖ್ಯೆ, ತಳಿ, ವಯಸ್ಸು, ಕಿವಿಯೋಲೆಯ 12 ಅಂಕಿಗಳ ಸಂಖ್ಯೆ ಹಾಗೂ ಹಿಂದಿನ ಲಸಿಕೆಗಳ ವಿವರವನ್ನು ಜೊತೆಯಲ್ಲಿ ತಂದರೆ ವಿಳಂಬ ತಪ್ಪುತ್ತದೆ. ತುರ್ತು ಸಂದರ್ಭದಲ್ಲಿ 1962 ಸಹಾಯವಾಣಿಗೆ ಕರೆ ಮಾಡಬಹುದು. ಹೆಚ್ಚಿನ ಮಾಹಿತಿಗೆ ತಾಲ್ಲೂಕು ಮಟ್ಟದಲ್ಲಿ ಸಹಾಯಕ ನಿರ್ದೇಶಕರನ್ನು, ಜಿಲ್ಲಾ ಮಟ್ಟದಲ್ಲಿ ಉಪ ನಿರ್ದೇಶಕರನ್ನು ಭೇಟಿ ಮಾಡಬಹುದು. ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಲು ಕೋರಿದೆ.