ಹವ್ಯಾಸಿ ಪತ್ರಿಕೆಯ ಜಾಲತಾಣ: ರೈತರು ಪರೀಕ್ಷಿಸುವ ಬಗೆ

ಇತ್ತೀಚಿನ ವರ್ಷಗಳಲ್ಲಿ ಬೇಸಾಯದ ಮಾಹಿತಿಯನ್ನು ಮೊಬೈಲಿನಲ್ಲಿ ಹುಡುಕುವ ರೂಢಿ ನಮ್ಮ ಹಳ್ಳಿಗಳಲ್ಲಿಯೂ ಬೆಳೆದಿದೆ. ಹೀಗೆ ಹುಡುಕುವಾಗ ಕೈತೋಟ ಮತ್ತು ತಾರಸಿ ತೋಟದ ಹವ್ಯಾಸಿಗಳಿಗಾಗಿ ನಡೆಯುವ ಪತ್ರಿಕೆಗಳ ಜಾಲತಾಣಗಳೂ ಎದುರಾಗುತ್ತವೆ. ವಾಡಿಯ ವಸತಿಗೃಹಗಳ ಹಿತ್ತಲಲ್ಲಿ ಬದನೆ ಬೆಳೆಯುವವರಿಗೆ, ಶಹಾಬಾದದಲ್ಲಿ ಮಾಳಿಗೆಯ ಮೇಲೆ ಕುಂಡಗಳನ್ನಿಟ್ಟವರಿಗೆ ಇವು ಪ್ರಯೋಜನಕಾರಿ. ಆದರೆ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳಲ್ಲಿ ಎಕರೆಗಟ್ಟಲೆ ತೊಗರಿ ಬೆಳೆಯುವ ರೈತರು ಅವುಗಳ ಸಲಹೆಯನ್ನು ಪರೀಕ್ಷಿಸದೆ ಅನುಸರಿಸಿದಲ್ಲಿ ನಷ್ಟಕ್ಕೆ ಗುರಿಯಾಗಬಹುದು.

ಪರೀಕ್ಷೆ ಏಕೆ ಅವಶ್ಯಕ?

ಒಂದು ಉದಾಹರಣೆಯನ್ನು ನೋಡೋಣ. ಕುಂಡದ ಗಿಡ ಬಾಡಿದರೆ ಸಾಮಾನ್ಯವಾಗಿ ನೀರಿನ ಕೊರತೆ ಎಂದು ತಿಳಿದು ನೀರು ಹಾಕುತ್ತೇವೆ. ಹೊಲದಲ್ಲಿ ತೊಗರಿ ಬಾಡಿದರೆ ಅದು ನೆಟೆ ರೋಗವಿರಬಹುದು. 2022-23ನೇ ಸಾಲಿನಲ್ಲಿ ಈ ರೋಗವು ಕಲಬುರಗಿ ಜಿಲ್ಲೆಯ ತೊಗರಿಗೆ ಅಪಾರ ಹಾನಿ ಮಾಡಿತು. ಇದಕ್ಕೆ ಕಾರಣ ಮಣ್ಣಿನಲ್ಲಿರುವ ಶಿಲೀಂಧ್ರ. ರೋಗ ತಗುಲಿದ ಗಿಡದ ಕಾಂಡವನ್ನು ಬುಡದಲ್ಲಿ ಸೀಳಿ ನೋಡಿದರೆ ಒಳಗೆ ಕಂದು ಅಥವಾ ಕಪ್ಪು ಗೆರೆಗಳು ಕಾಣುವುವು. ಇಂಥ ಗಿಡ ನೀರುಣಿಸಿದರೆ ಚೇತರಿಸಿಕೊಳ್ಳದು. ನಿರೋಧಕ ತಳಿ, ಟ್ರೈಕೋಡರ್ಮಾದಿಂದ ಬೀಜೋಪಚಾರ, ಬೆಳೆ ಪರಿವರ್ತನೆ ಮುಂತಾದ ಮುಂಜಾಗ್ರತೆಗಳೇ ಇದಕ್ಕೆ ಉಪಾಯ. ಆದುದರಿಂದ ಜಾಲತಾಣದ ಅಂದಕ್ಕಿಂತ, ಅದು ನಮ್ಮ ಕೆಲಸಕ್ಕೆ ಬರುವುದೇ ಎಂಬುದು ಮುಖ್ಯ.

ಗಮನಿಸಬೇಕಾದ ಅಂಶಗಳು

1. ಯಾರಿಗಾಗಿ ಬರೆದದ್ದು? ಬೆಳೆ, ಮಣ್ಣು, ಹಂಗಾಮು ಮತ್ತು ಪ್ರದೇಶವನ್ನು ಹೇಳಿದೆಯೇ ನೋಡಿರಿ. ಸೇಡಂ ಕಡೆಯ ಎರೆಭೂಮಿಗೂ ಚಿಂಚೋಳಿಯ ಕೆಂಪು ಮಣ್ಣಿಗೂ ಒಂದೇ ಸಲಹೆ ಹೊಂದದು. ಕುಂಡದ ಮಿಶ್ರಣಕ್ಕೆ ಹೇಳಿದ್ದು ಇವೆರಡಕ್ಕೂ ಹೊಂದದು.

2. ತಾರೀಖು ಇದೆಯೇ? ತೊಗರಿಯ ಕಾಯಿಕೊರಕಕ್ಕೆ ಒಂದು ಕಾಲದಲ್ಲಿ ಎಂಡೋಸಲ್ಫಾನ್ ಶಿಫಾರಸಿನಲ್ಲಿತ್ತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಹಳೆಯ ಪುಟದಲ್ಲಿ ಅದರ ಹೆಸರು ಹಾಗೆಯೇ ಉಳಿದಿರಬಹುದು. ಬರೆದ ಅಥವಾ ತಿದ್ದಿದ ತಾರೀಖು ಇಲ್ಲದ ಪುಟದಿಂದ ಔಷಧಿಯ ಹೆಸರನ್ನು ತೆಗೆದುಕೊಳ್ಳಬಾರದು.

3. ಅಳತೆ ಸ್ಪಷ್ಟವೇ? ಶೇಕಡ 5ರ ಬೇವಿನ ಬೀಜದ ಕಷಾಯಕ್ಕೆ 100 ಲೀಟರ್ ನೀರಿಗೆ 5 ಕಿಲೋಗ್ರಾಂ ಬೀಜದ ಪುಡಿ ಬೇಕು. ಒಳ್ಳೆಯ ಪುಟವು ಹೀಗೆ ತೂಕದಲ್ಲಿ ಹೇಳುತ್ತದೆ. ಚಮಚ, ಮುಷ್ಟಿ ಎಂಬ ಅಳತೆ ಕುಂಡಕ್ಕೆ ಸಾಕು, ಹೊಲಕ್ಕೆ ಸಾಲದು.

4. ಬಿಸಿಲಿನಲ್ಲಿ ಓದಲು ಬರುವುದೇ? ಬಿಳಿಯ ಮೇಲೆ ತೆಳು ಬೂದು ಅಕ್ಷರಗಳು ಮನೆಯೊಳಗೆ ಚೆನ್ನಾಗಿ ಕಂಡರೂ ಮಧ್ಯಾಹ್ನ ಹೊಲದಲ್ಲಿ ಕಾಣವು. ಹಳೆಯ ಅಕ್ಷರ ವಿಧಾನದಲ್ಲಿ ಸಿದ್ಧಪಡಿಸಿದ ಕನ್ನಡ ಪುಟಗಳು ಕೆಲವು ಮೊಬೈಲುಗಳಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುವುದುಂಟು. ಭಾರವಾದ ಚಿತ್ರಗಳಿರುವ ಪುಟವು ದುರ್ಬಲ ಸಂಪರ್ಕವಿರುವಲ್ಲಿ ತೆರೆಯಲು ಬಹಳ ಹೊತ್ತು ಹಿಡಿಯುವುದು.

5. ಬೇಕಾದದ್ದು ಬೇಗ ಸಿಗುವುದೇ? "ತೊಗರಿ ಒಣಗುವುದು" ಎಂದು ಕನ್ನಡದಲ್ಲಿ ಹುಡುಕಿರಿ. ಎಷ್ಟು ಸಲ ಬೆರಳು ಒತ್ತಿದ ಮೇಲೆ ಉತ್ತರ ಸಿಕ್ಕಿತು ಎಂದು ಎಣಿಸಿರಿ. ರೋಗದ ಲಕ್ಷಣವನ್ನು ಮೊದಲು, ಉಪಾಯವನ್ನು ಅನಂತರ ಹೇಳುವ ಪುಟ ಉತ್ತಮ.

6. ಜಾಹೀರಾತು ಬೇರೆಯಾಗಿದೆಯೇ? ಲೇಖನದ ನಡುವೆ ಅದೇ ಬಣ್ಣ, ಅದೇ ಅಕ್ಷರಗಳಲ್ಲಿ ಔಷಧಿಯ ಜಾಹೀರಾತು ಸೇರಿದ್ದರೆ ಸಲಹೆ ಯಾವುದು, ಮಾರಾಟ ಯಾವುದು ಎಂದು ತಿಳಿಯುವುದಿಲ್ಲ. ಲೇಖಕರ ಹೆಸರು ಮತ್ತು ಅವರ ಕ್ಷೇತ್ರವನ್ನು ತಿಳಿಸಿರುವ ಪುಟಕ್ಕೆ ಹೆಚ್ಚು ಬೆಲೆ ಕೊಡಬೇಕು.

ಐವರಿಂದ ಪರೀಕ್ಷೆ

ಜಾಲತಾಣಗಳ ಬಳಕೆಯನ್ನು ಅಭ್ಯಸಿಸಿದ ಡೆನ್ಮಾರ್ಕ್ ಮೂಲದ ಜಾಕೊಬ್ ನೀಲ್ಸನ್ ಎಂಬ ತಜ್ಞರು, ಐದು ಜನ ಬಳಸಿ ನೋಡಿದರೆ ಸುಮಾರು ಶೇಕಡ 85ರಷ್ಟು ದೋಷಗಳು ಬೆಳಕಿಗೆ ಬರುತ್ತವೆಂದು 2000ನೇ ಇಸವಿಯಲ್ಲಿ ಲೆಕ್ಕ ಹಾಕಿ ತೋರಿಸಿದರು. ಈ ಪರೀಕ್ಷೆಯನ್ನು ನಮ್ಮ ರೈತ ಸಂಘಗಳು, ಮಹಿಳಾ ಸಂಘಗಳು ಖರ್ಚಿಲ್ಲದೆ ಮಾಡಬಹುದು. ಹಿರಿಯ ರೈತರೊಬ್ಬರು, ರೈತ ಮಹಿಳೆಯೊಬ್ಬರು, ಓದುವ ಹುಡುಗನೊಬ್ಬ ಹೀಗೆ ಐವರನ್ನು ಆರಿಸಿರಿ. ಎಲ್ಲರಿಗೂ ಒಂದೇ ಕೆಲಸ ಕೊಡಿರಿ: ನೆಟೆ ರೋಗದ ಲಕ್ಷಣ ಮತ್ತು ಬೀಜೋಪಚಾರದ ಪ್ರಮಾಣವನ್ನು ಹುಡುಕಿ ಕಾಗದದ ಮೇಲೆ ಬರೆಯುವುದು. ನಡುವೆ ಸಹಾಯ ಮಾಡಬಾರದು. ಎಲ್ಲಿ ತಡವರಿಸಿದರು ಎಂಬುದನ್ನು ಮಾತ್ರ ಗುರುತು ಹಾಕಿಕೊಳ್ಳಿರಿ. ಕೊನೆಯಲ್ಲಿ ಐದು ಕಾಗದಗಳನ್ನು ಹೋಲಿಸಿರಿ. ಉತ್ತರಗಳು ಬೇರೆ ಬೇರೆಯಾಗಿದ್ದರೆ, ಪುಟ ಎಷ್ಟೇ ಸುಂದರವಾಗಿರಲಿ, ಅದನ್ನು ನಂಬಿ ಬೇಸಾಯ ಮಾಡುವುದು ಕ್ಷೇಮವಲ್ಲ. ಕಂಡುಬಂದ ದೋಷಗಳನ್ನು ಪತ್ರಿಕೆಯವರಿಗೆ ಬರೆದು ತಿಳಿಸಿದರೆ ತಿದ್ದಿಕೊಳ್ಳಲು ಅವರಿಗೂ ಅನುಕೂಲವಾಗುವುದು.

ಒಳ್ಳೆಯ ಪುಟ ಸಿಕ್ಕಿದರೂ ಔಷಧಿ ಕೊಳ್ಳುವ ಮುನ್ನ ಬಾಡಿದ ಗಿಡವನ್ನು ಬೇರು ಸಹಿತ ಕಿತ್ತು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ತೆಗೆದುಕೊಂಡು ಹೋಗಿ ತೋರಿಸುವುದು ಒಳಿತು. ಹೋಗಲಾಗದವರು ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ವಿಚಾರಿಸಬಹುದು.